ಕಮಕುರದ ಮನೆತನಗಳ ನಡುವೆ ದಾರಿ ತಪ್ಪದೆ: ಜಪಾನಿನ ಸಮುರಾಯ್ ಧಾರಾವಾಹಿಯನ್ನು ನೋಡುವ ಸಮಗ್ರ ಮಾರ್ಗದರ್ಶಿ

ತೊಕಿಮಸ, ಯೊಶಿತೊಕಿ, ಮುನೆತೊಕಿ, ಯೊಶಿಜುಮಿ, ಯೊಶಿಮುರ, ಯೊಶಿಮೊರಿ, ಯೊರಿತೊಮೊ. ಮೊದಲ ಕೆಲವು ಕಂತುಗಳಲ್ಲೇ ಈ ಹೆಸರುಗಳೆಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಗಂಡಸರೆಲ್ಲರ ತಲೆಯ ಮೇಲೂ ಹೆಚ್ಚುಕಡಿಮೆ ಒಂದೇ ಬಗೆಯ ಕಪ್ಪು ಟೋಪಿ. ಯಾರು ಯಾರ ಮಗ, ಯಾರು ಯಾರ ಅಳಿಯ ಎಂದು ಗುರುತು ಹತ್ತುವ ಮೊದಲೇ ಒಬ್ಬನ ತಲೆ ಉರುಳಿರುತ್ತದೆ. ಮೊದಲ ಸಲ ನಾನು ನಾಲ್ಕನೆಯ ಕಂತಿಗೆ ನಿಲ್ಲಿಸಿಬಿಟ್ಟೆ. ಎರಡನೆಯ ಸಲ ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಕುಳಿತೆ. 48ನೆಯ ಕಂತು ಮುಗಿದ ರಾತ್ರಿ ನಿದ್ದೆ ಬರಲಿಲ್ಲ. ಆ ನೋಟ್‌ಪುಸ್ತಕದ ಕ್ರಮವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಧಾರಾವಾಹಿಯ ಹೆಸರು 'ಕಮಕುರ-ದೊನೊ ನೊ ಜೂಸನ್-ನಿನ್', ಅಂದರೆ ಸಮುರಾಯ್ ಸರ್ಕಾರದ ನೆಲೆಯಾದ ಕಮಕುರ ಎಂಬ ಊರಿನ ಒಡೆಯನ ಹದಿಮೂರು ಮಂದಿ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2022ರ ಜನವರಿಯಿಂದ ಡಿಸೆಂಬರ್‌ವರೆಗೆ ಇದನ್ನು ಪ್ರಸಾರ ಮಾಡಿತು. ಬರೆದವರು ಮಿತನಿ ಕೋಕಿ. ಇದು 'ತೈಗ' ಎಂಬ ಸಾಲಿಗೆ ಸೇರಿದ್ದು. ತೈಗ ಎಂದರೆ ಮಹಾನದಿ. 1963ರಲ್ಲಿ ಶುರುವಾದ ಈ ಸಾಲಿನಲ್ಲಿ ವರ್ಷಕ್ಕೊಂದು ಐತಿಹಾಸಿಕ ಕಥೆ, ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ, ಸುಮಾರು 45 ನಿಮಿಷ. ಸಮುರಾಯ್ ಮನೆತನಗಳ ಬೇರೆ ಕಥೆಗಳೂ ಈ ಸಾಲಿನಲ್ಲಿ ಬೇಕಾದಷ್ಟಿವೆ. ಆದರೂ ಮೊದಲಿಗೆ ಇದನ್ನೇ ನೋಡಿ ಎನ್ನುತ್ತೇನೆ, ಏಕೆಂದರೆ ಸಮುರಾಯ್‌ಗಳ ಆಡಳಿತ ಎಂಬುದೇ ಹೇಗೆ ಹುಟ್ಟಿತು ಎಂಬುದು ಇದರ ವಸ್ತು. ಅದು ಹುಟ್ಟಿದ್ದು ಕತ್ತಿಯ ಮೊನೆಯಲ್ಲಿ ಅನ್ನುವುದಕ್ಕಿಂತ ಹೆಚ್ಚಾಗಿ ಮದುವೆ, ಮೊಲೆಹಾಲು ಮತ್ತು ಜಮೀನಿನ ಲೆಕ್ಕಾಚಾರದಲ್ಲಿ. ಆ ಲೆಕ್ಕವನ್ನು ಹಿಡಿದವರಿಗೆ ಧಾರಾವಾಹಿ ತಾನಾಗಿ ತೆರೆದುಕೊಳ್ಳುತ್ತದೆ.

ಇನ್ನೊಂದು ಮಾತು. ಮುಂದೆ ಕೆಲವು ಸಾವುಗಳನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಅವು ಜಪಾನಿನ ಮಕ್ಕಳು ಶಾಲೆಯಲ್ಲಿ ಓದುವ ಇತಿಹಾಸ. ಅಲ್ಲಿನ ವೀಕ್ಷಕರು ಅಂತ್ಯ ಗೊತ್ತಿದ್ದೇ ನೋಡುತ್ತಾರೆ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಎಂದು ತಿಳಿದಿದ್ದರೂ ನಾವು ರಾತ್ರಿಯಿಡೀ ಯಕ್ಷಗಾನ ನೋಡುವುದಿಲ್ಲವೇ, ಹಾಗೆ.

ಮೊದಲ ಹಂತ: ಹಿನ್ನೆಲೆಯ ಅರ್ಧ ಪುಟ

ಧಾರಾವಾಹಿ ಶುರುವಾಗುವುದು 1175ರ ಸುಮಾರಿಗೆ, ಇಜು ಎಂಬ ಪೂರ್ವದ ಪ್ರಾಂತ್ಯದಲ್ಲಿ. ಅದಕ್ಕೂ ಮೊದಲಿನ ಇಷ್ಟು ಸಂಗತಿ ಪುಸ್ತಕದ ಮೊದಲ ಪುಟದಲ್ಲಿರಲಿ. ಕ್ಯೋಟೊದ ಆಸ್ಥಾನದ ಸುತ್ತ ಎರಡು ದೊಡ್ಡ ಯೋಧ ವಂಶಗಳಿದ್ದವು: ಗೆನ್‌ಜಿ ಎಂದೂ ಕರೆಯುವ ಮಿನಮೊತೊ, ಹೇಕೆ ಎಂದೂ ಕರೆಯುವ ತೈರ. 1160ರ ಹೊತ್ತಿಗೆ ಹೇಜಿ ದಂಗೆಯಲ್ಲಿ ತೈರ ಕಿಯೊಮೊರಿ ಗೆದ್ದ. ಮಿನಮೊತೊ ವಂಶದ ಯಜಮಾನ ಸತ್ತ. ಹದಿಹರೆಯದ ಮಗ ಯೊರಿತೊಮೊನ ಜೀವ ಉಳಿಯಿತು, ಆದರೆ ಅವನನ್ನು ಇಜುವಿಗೆ ಗಡೀಪಾರು ಮಾಡಿದರು. ಅಲ್ಲಿ ಇಪ್ಪತ್ತು ವರ್ಷ ಕಳೆಯಿತು. ಅವನ ಮೇಲೆ ಕಣ್ಣಿಡಬೇಕಾದ ಸಣ್ಣ ಮನೆತನಗಳಲ್ಲಿ ಹೋಜೋ ಕೂಡ ಒಂದು. ಆ ಮನೆಯ ಮಗಳು ಮಸಕೊ ಕೈದಿಯನ್ನೇ ಮದುವೆಯಾದಳು. ಅವಳ ತಮ್ಮ ಯೊಶಿತೊಕಿಯೇ ಕಥಾನಾಯಕ.

ಮುಂದಿನ ವರ್ಷಗಳನ್ನು ಸಾಲಾಗಿ ಬರೆದಿಡಿ. 1180ರಲ್ಲಿ ಯೊರಿತೊಮೊ ದಂಗೆಯೆದ್ದ. 1185ರಲ್ಲಿ ದನ್ನೊಉರದ ಕಡಲ ಕಾಳಗದಲ್ಲಿ ತೈರ ವಂಶ ಮುಳುಗಿತು. 1192ರಲ್ಲಿ ಯೊರಿತೊಮೊ ಶೋಗುನ್, ಅಂದರೆ ಯೋಧರ ಸರ್ಕಾರದ ಒಡೆಯ ಆದ, 1199ರಲ್ಲಿ ಸತ್ತ. 1221ರಲ್ಲಿ ಕಮಕುರದ ಯೋಧರು ನಿವೃತ್ತ ಚಕ್ರವರ್ತಿ ಗೊ-ತೊಬನ ವಿರುದ್ಧವೇ ಯುದ್ಧ ಹೂಡಿ ಗೆದ್ದರು. 1224ರಲ್ಲಿ ಯೊಶಿತೊಕಿ ತೀರಿಕೊಂಡ. ಕಾಲವನ್ನು ಮನಸ್ಸಿಗೆ ಹತ್ತಿರ ತಂದುಕೊಳ್ಳಬೇಕೆಂದರೆ, ನಮ್ಮಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ 1173ರಿಂದ 1220ರವರೆಗೆ ಆಳಿದ್ದನ್ನು ನೆನೆಯಿರಿ. ಕಥೆ ಹೆಚ್ಚುಕಡಿಮೆ ಅದೇ ಐವತ್ತು ವರ್ಷಗಳದು.

ಎರಡನೆಯ ಹಂತ: ಒಂದು ಕೈಬರಹದ ನಕ್ಷೆ

ನಾಲ್ಕು ಚುಕ್ಕೆ ಸಾಕು. ಪಶ್ಚಿಮದಲ್ಲಿ ಕ್ಯೋಟೊ, ಪೂರ್ವದಲ್ಲಿ ಇಜು ಮತ್ತು ಕಮಕುರ, ದೂರದ ಉತ್ತರದಲ್ಲಿ ಹಿರಯಿಜುಮಿ. ಪೂರ್ವದ ಬಯಲು ಸೀಮೆಗೆ ಪಾತ್ರಗಳು ಬಂದೋ ಎನ್ನುತ್ತವೆ. ಇವತ್ತಿನ ಟೋಕಿಯೊ ಸುತ್ತಲಿನ ನಾಡು ಅದು. ಕ್ಯೋಟೊದವರ ಕಣ್ಣಿಗೆ ಬಂದೋದವರು ಒರಟರು. ಬಂದೋದವರಿಗೆ ಕ್ಯೋಟೊ ಎಂದರೆ ತೆರಿಗೆ ಕೇಳುವ, ತಲೆಬಾಗಿಸುವ ದೊಡ್ಡವರ ಊರು. ಈ ಉರಿ ಗೊತ್ತಿದ್ದರೆ ಅರ್ಧ ಸಂಭಾಷಣೆ ಅರ್ಥವಾದಂತೆ.

ಕಮಕುರದ ನೆಲವನ್ನು ಸ್ವಲ್ಪ ದೊಡ್ಡದಾಗಿಯೇ ಬರೆಯಿರಿ. ಮೂರು ಕಡೆ ಗುಡ್ಡ, ಒಂದು ಕಡೆ ಕಡಲು, ಒಳಗೆ ಬರಲು ಗುಡ್ಡ ಕಡಿದು ಮಾಡಿದ ಇಕ್ಕಟ್ಟಿನ ದಾರಿಗಳು. ನಡುವೆ ಹಚಿಮನ್ ದೇವರ ಗುಡಿ, ಅಲ್ಲಿಂದ ಕಡಲಿನ ಕಡೆಗೆ ನೇರ ರಾಜಬೀದಿ. ಆ ಬೀದಿಯ ನಡುವಿನ ಎತ್ತರದ ಹಾದಿಯನ್ನು 1182ರಲ್ಲಿ ಮಸಕೊಳ ಸುಖಪ್ರಸವಕ್ಕಾಗಿ ಹರಕೆಯಂತೆ ಯೊರಿತೊಮೊ ಕಟ್ಟಿಸಿದ. ಅಂದು ಹುಟ್ಟಿದ ಮಗು ಯೊರೀಯೆ. ಆ ಹಾದಿಯನ್ನು ತೆರೆಯ ಮೇಲೆ ಕಂಡಾಗಲೆಲ್ಲ ಆ ಮಗುವಿಗೆ ಮುಂದೆ ಏನಾಯಿತು ಎಂಬುದು ನನ್ನನ್ನು ಕಲಕುತ್ತದೆ. ಅಂದಹಾಗೆ ಕಮಕುರದ ಪ್ರಸಿದ್ಧ ಬುದ್ಧನ ಕಂಚಿನ ಮೂರ್ತಿಯನ್ನು ಇಲ್ಲಿ ಹುಡುಕಬೇಡಿ. ಅದರ ಎರಕ ಶುರುವಾದದ್ದು 1252ರಲ್ಲಿ.

ಇನ್ನೊಂದು ಬಾಣದ ಗುರುತು ಬೇಕು. 1180ರ ಎಂಟನೆಯ ತಿಂಗಳಲ್ಲಿ ಇಶಿಬಶಿಯಮದಲ್ಲಿ ಸೋತ ಯೊರಿತೊಮೊ ದೋಣಿಯಲ್ಲಿ ಕೊಲ್ಲಿ ದಾಟಿ ಓಡುತ್ತಾನೆ. ಕೊಲ್ಲಿಯನ್ನು ಸುತ್ತಿ ಬರುತ್ತ ಒಂದೊಂದೇ ಮನೆತನವನ್ನು ಜತೆಗೂಡಿಸಿಕೊಂಡು ಹತ್ತನೆಯ ತಿಂಗಳ ಹೊತ್ತಿಗೆ ಸೈನ್ಯಸಮೇತ ಕಮಕುರ ಹೊಗುತ್ತಾನೆ. ಆ ಸುತ್ತುದಾರಿಯಲ್ಲಿ ಯಾರು ಯಾವಾಗ ಸೇರಿಕೊಂಡರು ಎಂದು ಗುರುತು ಹಾಕಿಕೊಳ್ಳಿ. ತಡವಾಗಿ ಬಂದವರು, ಮೊದಲು ಎದುರಾಳಿಯಾಗಿದ್ದವರು ಮುಂದೆ ಆ ಲೆಕ್ಕ ತೆರಬೇಕಾಗುತ್ತದೆ.

ಮೂರನೆಯ ಹಂತ: ಹೆಸರುಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ

ಇಂಗ್ಲಿಷ್ ಉಪಶೀರ್ಷಿಕೆ ಓದುತ್ತ ಹೆಸರುಗಳನ್ನು ಇಂಗ್ಲಿಷಿನಲ್ಲೇ ಬರೆದುಕೊಂಡರೆ ಎಲ್ಲವೂ ಕಲಸಿಹೋಗುತ್ತದೆ. ಜಪಾನಿ ಭಾಷೆಯಲ್ಲಿ ಒ ಬೇರೆ, ಓ ಬೇರೆ. ಎ ಬೇರೆ, ಏ ಬೇರೆ. ಕನ್ನಡದಲ್ಲೂ ಹಾಗೆಯೇ. ಹೋಜೋ ಎಂಬುದರಲ್ಲಿ ಎರಡೂ ದೀರ್ಘ, ಯೊರಿತೊಮೊ ಎಂಬುದರಲ್ಲಿ ಮೂರೂ ಹ್ರಸ್ವ. ಕಿವಿಗೆ ಬಿದ್ದದ್ದನ್ನು ನಮ್ಮ ಲಿಪಿಯಲ್ಲಿ ಹಾಗೆಯೇ ಇಳಿಸಬಹುದು. ನನಗೆ ಹೆಸರುಗಳು ನೆನಪಿನಲ್ಲಿ ನಿಂತದ್ದೇ ಕನ್ನಡದಲ್ಲಿ ಬರೆದುಕೊಳ್ಳತೊಡಗಿದ ಮೇಲೆ.

ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಹೋಜೋ, ಮಿಉರ, ವದ, ಹತಕೆಯಮ, ಹಿಕಿ, ಕಜಿವರ ಇವೆಲ್ಲ ಮೂಲದಲ್ಲಿ ಊರಿನ, ನೆಲದ ಹೆಸರುಗಳು. ಊರಿನ ಹೆಸರನ್ನೇ ಮನೆತನಕ್ಕೆ ಇಟ್ಟುಕೊಳ್ಳುವುದು ನಮಗೆ ಹೊಸದಲ್ಲ. ಮಿನಮೊತೊ, ತೈರ ಎಂಬವು ಅದಕ್ಕೂ ಮೇಲಿನ ವಂಶನಾಮಗಳು. ಅವುಗಳ ಮುಂದೆ 'ನೊ' ಸೇರುತ್ತದೆ: ಮಿನಮೊತೊ ನೊ ಯೊರಿತೊಮೊ, ಮಿನಮೊತೊ ವಂಶದ ಯೊರಿತೊಮೊ ಎಂದಂತೆ. ತಮ್ಮ ಮೂಲ ತೈರ ವಂಶ ಎಂದು ಹೇಳಿಕೊಳ್ಳುತ್ತಿದ್ದ ಹೋಜೋ ಮನೆಯವರೇ ಮಿನಮೊತೊ ಪಕ್ಷ ಹಿಡಿದರು ಎಂಬುದನ್ನು ಗಮನಿಸಿ. ಇದನ್ನು ಎರಡು ವಂಶಗಳ ನೇರ ಕದನವೆಂದು ತಿಳಿದು ಕುಳಿತರೆ ದಾರಿ ತಪ್ಪುತ್ತದೆ. ಇಲ್ಲಿ ದಾಯಾದಿಗಳೇ ಎದುರುಬದುರು.

ಹೆಸರಿನೊಳಗೆ ಸುಳಿವುಗಳಿವೆ. ಮಿನಮೊತೊ ಮನೆಯಲ್ಲಿ 'ಯೊರಿ' ಮರುಕಳಿಸುತ್ತದೆ, ಹೋಜೋ ಮನೆಯಲ್ಲಿ 'ತೊಕಿ'. ತಂದೆ ತೊಕಿಮಸ, ಮಗ ಯೊಶಿತೊಕಿ, ಮೊಮ್ಮಗ ಯಸುತೊಕಿ. ಯಾರನ್ನು ಯಾರು ಏನೆಂದು ಕರೆಯುತ್ತಾರೆ ಎಂಬುದನ್ನೂ ಕಿವಿಗೊಟ್ಟು ಕೇಳಿ. ಗಡೀಪಾರಾಗಿದ್ದ ಯೊರಿತೊಮೊ ಮೊದಲು 'ಸುಕೆ-ದೊನೊ', ಅದು ಅವನ ಹಳೆಯ ಹುದ್ದೆಯ ಹೆಸರು. ಆಮೇಲೆ ಅವನೇ 'ಕಮಕುರ-ದೊನೊ'. ಯೊಶಿತೊಕಿ ಮನೆಯವರಿಗೆ 'ಕೊಶಿರೋ'. ಹಳೆಯ ಗೆಳೆಯರು ಅವನನ್ನು ಕೊಶಿರೋ ಎನ್ನುವುದನ್ನು ನಿಲ್ಲಿಸಿದ ಗಳಿಗೆಗಳನ್ನು ನಾನು ಗುರುತು ಮಾಡಿಕೊಂಡಿದ್ದೆ. ಅವನ ಬದುಕಿನ ಮುಖ್ಯ ತಿರುವುಗಳೇ ಅವು.

ನಾಲ್ಕನೆಯ ಹಂತ: ಮನೆತನಕ್ಕೊಂದು ಪುಟ

ಎಲ್ಲಕ್ಕಿಂತ ಹೆಚ್ಚು ಕೆಲಸ ಬೇಡುವ ಹಂತ ಇದು, ಫಲವೂ ಇದರದೇ ಹೆಚ್ಚು. ಹೋಜೋ, ಇತೋ, ಮಿಉರ, ವದ, ಹತಕೆಯಮ, ಕಜಿವರ, ಹಿಕಿ: ಏಳು ಪುಟ ಬಿಡಿ. ಪ್ರತಿ ಪುಟದಲ್ಲಿ ಮೂರೇ ಪ್ರಶ್ನೆ. ಈ ಮನೆಯ ಹೆಣ್ಣು ಎಲ್ಲಿಗೆ ಹೋದಳು? ಈ ಮನೆಯವರು ಯಾರ ಮಗುವಿಗೆ ಹಾಲೂಡಿಸಿದರು? ಇವರ ಜಮೀನು ಯಾರ ಕೃಪೆಯಿಂದ ಉಳಿದಿದೆ?

ಮದುವೆ ನಮಗೆ ಸುಲಭವಾಗಿ ತಿಳಿಯುತ್ತದೆ. ತೊಕಿಮಸನ ಹೆಣ್ಣುಮಕ್ಕಳು ಸುತ್ತಲಿನ ಮನೆತನಗಳಿಗೆಲ್ಲ ಸೊಸೆಯರಾಗಿ ಹೋಗಿದ್ದಾರೆ. ಹತಕೆಯಮ ಶಿಗೆತದ ಅವನ ಅಳಿಯ. 1205ರಲ್ಲಿ ಆ ಅಳಿಯನನ್ನೇ ಕೊಲ್ಲಿಸುವಷ್ಟು ದೂರ ಹೋಗುತ್ತಾನೆ ಮಾವ. ವದ ಯೊಶಿಮೊರಿ ಮಿಉರ ಮನೆತನದ ಕವಲು. 1213ರಲ್ಲಿ ವದ ದಂಗೆಯೆದ್ದಾಗ ಮಿಉರ ಯಾರ ಕಡೆ ನಿಲ್ಲುತ್ತಾರೆ ಎಂಬುದು ಕಾಳಗಕ್ಕಿಂತ ದೊಡ್ಡ ಪ್ರಶ್ನೆಯಾಗುವುದು ಅದಕ್ಕೇ.

ಎರಡನೆಯ ಪ್ರಶ್ನೆಯನ್ನು ಹೊಸ ವೀಕ್ಷಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ದೊಡ್ಡ ಮನೆಯ ಮಗುವನ್ನು ಹಾಲೂಡಿಸಿ ಬೆಳೆಸುವ ಹೆಣ್ಣನ್ನು 'ಮೆನೊತೊ' ಎನ್ನುತ್ತಾರೆ. ಅವಳಷ್ಟೇ ಅಲ್ಲ, ಅವಳ ಗಂಡ, ಮಕ್ಕಳು, ಇಡೀ ಮನೆತನ ಆ ಮಗುವಿಗೆ ಜೀವಮಾನದ ಬೆಂಬಲ. ಮಗು ಒಡೆಯನಾದರೆ ಅವರೂ ಮೇಲೇರುತ್ತಾರೆ. ಯೊರಿತೊಮೊನ ಮೆನೊತೊಗಳಲ್ಲಿ ಒಬ್ಬಳು ಹಿಕಿ ಮನೆಯವಳು. ಅವನು ಇಜುವಿನಲ್ಲಿದ್ದ ಇಪ್ಪತ್ತು ವರ್ಷವೂ ಅವಳು ಅಕ್ಕಿ ಕಳುಹಿಸಿದಳೆಂದು ಹಳೆಯ ವೃತ್ತಾಂತ ಹೇಳುತ್ತದೆ. ಆ ಋಣದಿಂದಲೇ ಯೊರೀಯೆ ಹುಟ್ಟಿದ್ದು ಹಿಕಿ ಮನೆಯಲ್ಲಿ, ಬೆಳೆದದ್ದು ಅವರ ಮಡಿಲಲ್ಲಿ. ಅವನ ಮಗನ ತಾಯಿಯೂ ಹಿಕಿ ಯೊಶಿಕಜುವಿನ ಮಗಳು. ಆದರೆ 1192ರಲ್ಲಿ ಹುಟ್ಟಿದ ಎರಡನೆಯ ಮಗ ಸನೆತೊಮೊನ ಮೆನೊತೊ ಮಸಕೊಳ ತಂಗಿ, ಹೋಜೋ ಮನೆಯವಳು. ಈ ಎರಡು ಸಾಲನ್ನು ಅಕ್ಕಪಕ್ಕ ಬರೆದರೆ 1203ರ ರಕ್ತಪಾತ ಮೊದಲೇ ಕಾಣಿಸುತ್ತದೆ: ಅಣ್ಣ ಶೋಗುನ್ ಆಗಿ ಉಳಿದರೆ ಹಿಕಿ, ತಮ್ಮ ಶೋಗುನ್ ಆದರೆ ಹೋಜೋ. ಆ ಹೊತ್ತಿಗೆ ಯೊಶಿತೊಕಿಯ ಹೆಂಡತಿಯೂ ಹಿಕಿ ಮನೆಯ ಮಗಳು ಎಂಬುದು ನಿಮ್ಮ ಪುಟದಲ್ಲಿದ್ದರೆ, 31ನೆಯ ಕಂತಿನಲ್ಲಿ ಅವಳ ಮುಖವನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಮೂರನೆಯದು ಜಮೀನು. ಶೋಗುನ್‌ನ ನೇರ ಸೇವಕರಾದ ಯೋಧರಿಗೆ 'ಗೊಕೆನಿನ್' ಎಂದು ಹೆಸರು. ಒಡೆಯ ಅವರ ಪಿತ್ರಾರ್ಜಿತ ಭೂಮಿಯನ್ನು ಖಾತ್ರಿ ಮಾಡಿಕೊಡುತ್ತಾನೆ, ಗೆದ್ದ ನೆಲವನ್ನು ಉಂಬಳಿ ಕೊಡುತ್ತಾನೆ. ಅವರು ಪ್ರತಿಯಾಗಿ ಪ್ರಾಣ ಪಣವಿಡುತ್ತಾರೆ. ಹಳಗನ್ನಡ ಕಾವ್ಯ ಓದಿದವರಿಗೆ ಇದು ಜೋಳವಾಳಿಯ ಮಾತು. ಆದರೆ ಬಂದೋದ ಯೋಧರು ಲೆಕ್ಕ ಬಿಡುವವರಲ್ಲ. ಸೇವೆಗೆ ಸರಿಯಾದ ನೆಲ ಸಿಗದಿದ್ದರೆ ಮುಖ ಗಂಟಿಕ್ಕುತ್ತದೆ. ಪಾತ್ರಗಳು ಸಭೆಯಲ್ಲಿ ಕುಳಿತು ಗಡಿ ಜಗಳ ಬಿಡಿಸುವ ದೃಶ್ಯಗಳನ್ನು ಓಡಿಸಿ ನೋಡಬೇಡಿ, ಇದೇ ಕಥೆಯ ಬೇರು.

ಐದನೆಯ ಹಂತ: ತೆರೆಯನ್ನು ಓದುವುದು

ಬಾವುಟದ ಬಣ್ಣ ಮೊದಲು: ಗೆನ್‌ಜಿಗೆ ಬಿಳಿ, ಹೇಕೆಗೆ ಕೆಂಪು. ಇವತ್ತಿಗೂ ಜಪಾನಿನ ಶಾಲೆಯ ಕ್ರೀಡಾದಿನದಲ್ಲಿ ಮಕ್ಕಳು ಕೆಂಪು ಬಿಳುಪು ತಂಡಗಳಾಗುವುದು ಈ ಎರಡು ಬಾವುಟಗಳ ನೆನಪಿನಿಂದಲೇ.

ಆಮೇಲೆ ಮನೆತನದ ಲಾಂಛನ. ಹೋಜೋ ಮನೆಯದು ಮೂರು ತ್ರಿಕೋನ, ಮೂರು ಹುರುಪೆಗಳು. ತೊಕಿಮಸ ಎನೊಶಿಮ ದ್ವೀಪದ ಬೆನ್‌ಜೈತೆನ್ ದೇವಿಯ ಮುಂದೆ ವಂಶೋದ್ಧಾರಕ್ಕಾಗಿ ಪ್ರಾರ್ಥಿಸಿದಾಗ ದೇವಿ ಕಾಣಿಸಿಕೊಂಡು, ಸರ್ಪರೂಪ ತಾಳಿ ಕಡಲಿಗೆ ಮರಳುವಾಗ ಮೂರು ಹುರುಪೆ ಬಿಟ್ಟುಹೋದಳೆಂದು ಐತಿಹ್ಯ. ಈ ಬೆನ್‌ಜೈತೆನ್ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಬೌದ್ಧಧರ್ಮದ ಜತೆ ಚೀನಾ ದಾಟಿ ಹೋದವಳು. ಇದನ್ನು ತಿಳಿದ ದಿನ ನನಗಾದ ಸಂತೋಷ ಇಷ್ಟಲ್ಲ. ತೈರ ವಂಶದ ಏಳುಬೀಳನ್ನು ಹಾಡುವ ಹಳೆಯ ವೀರಗಾಥೆಯೂ ಶ್ರಾವಸ್ತಿಯ ಜೇತವನ ವಿಹಾರದ ಗಂಟೆಯ ದನಿಯಿಂದಲೇ ಆರಂಭವಾಗುತ್ತದೆ.

ಆಯುಧಗಳಲ್ಲಿ ಬಿಲ್ಲನ್ನು ನೋಡಿ. ಈ ಕಾಲದ ಯೋಧನ ವಿದ್ಯೆ ಎಂದರೆ ಬಿಲ್ಲು ಮತ್ತು ಕುದುರೆ. ಕತ್ತಿಗೆ ಆ ಪೂಜ್ಯ ಸ್ಥಾನ ಬಂದದ್ದು ಎಷ್ಟೋ ಕಾಲದ ನಂತರ. ತಲೆಯ ಟೋಪಿ 'ಎಬೊಶಿ'. ಪ್ರಾಯಕ್ಕೆ ಬಂದ ಗಂಡಸು ಅದಿಲ್ಲದೆ ನಾಲ್ಕು ಜನರ ಮುಂದೆ ಕಾಣಿಸಿಕೊಳ್ಳುವುದು ನಾಚಿಕೆಗೇಡು. ಆದ್ದರಿಂದ ಎಬೊಶಿ ಜಾರಿದ ದೃಶ್ಯ ಬಂದರೆ ಅದನ್ನು ಅವಮಾನವೆಂದೇ ಓದಿ.

ನಟರ ಬಗ್ಗೆ ಎರಡೇ ಮಾತು. ಯೊಶಿತೊಕಿಯಾಗಿ ಒಗುರಿ ಶುನ್, ಮಸಕೊ ಆಗಿ ಕೊಯಿಕೆ ಏಕೊ, ಯೊರಿತೊಮೊ ಆಗಿ ಓಯಿಜುಮಿ ಯೋ. ಒಗುರಿಯ ಉಡುಪಿನ ಬಣ್ಣವನ್ನು ಗಮನಿಸುತ್ತ ಹೋಗಿ: ವರ್ಷ ಸರಿದಂತೆ ಅದು ಕಪ್ಪಾಗುತ್ತದೆ.

ಆರನೆಯ ಹಂತ: ನೋಡುವ ವೇಗ

ಒಟ್ಟು 48 ಕಂತು, ಸುಮಾರು 36 ಗಂಟೆ. ರಜೆಯಲ್ಲಿ ಒಂದೇ ಉಸಿರಿಗೆ ಮುಗಿಸುವ ಆಸೆ ಬರುತ್ತದೆ, ಬೇಡ ಎಂದು ಕೇಳಿಕೊಳ್ಳುತ್ತೇನೆ. ವಾರಕ್ಕೊಂದು ಕಂತಿನ ಲೆಕ್ಕದಲ್ಲಿ, ಜನ ಒಂದು ವರ್ಷ ಈ ಪಾತ್ರಗಳ ಜತೆ ಬದುಕಲೆಂದೇ ಬರೆದದ್ದು ಇದು. ವಾರಕ್ಕೆ ಎರಡು ಕಂತು ಹದವಾಗಿರುತ್ತದೆ, ಆರು ತಿಂಗಳೊಳಗೆ ಮುಗಿಯುತ್ತದೆ. ಕಂತಿನ ಕೊನೆಗೆ ಬರುವ, ಆ ಸ್ಥಳಗಳ ಇಂದಿನ ನೋಟ ತೋರಿಸುವ ಪುಟ್ಟ ಭಾಗವನ್ನು ಬಿಡಬೇಡಿ. ನಿಮ್ಮ ನಕ್ಷೆ ತುಂಬುವುದು ಅಲ್ಲಿಯೇ.

ಎರಡು ಕಡೆ ನಿಲ್ಲಬೇಕು. ಮೊದಲನೆಯದು 15ನೆಯ ಕಂತು. ಅಲ್ಲಿಯವರೆಗೆ ಬಹುಮಟ್ಟಿಗೆ ನಗುತ್ತಲೇ ಸಾಗಿದ ಕಥೆ ಕಜುಸ ಹಿರೊತ್ಸುನೆಯ ಕೊಲೆಯೊಂದಿಗೆ ಮಗ್ಗುಲು ಬದಲಿಸುತ್ತದೆ. ದೊಡ್ಡ ಸೈನ್ಯ ತಂದು ಯೊರಿತೊಮೊನನ್ನು ಉಳಿಸಿದವನು ಅವನೇ. ಅವನನ್ನು ಪಗಡೆಯಂಥ ಆಟವಾಡುತ್ತಿದ್ದಾಗ ಕೊಂದದ್ದು ಇತಿಹಾಸ. ಅದನ್ನು ನೋಡಿದ ಮೇಲೆ ನಾನು ನಾಲ್ಕು ದಿನ ಮುಂದಿನ ಕಂತು ಹಾಕಲಿಲ್ಲ. ನೀವೂ ಬಿಡುವು ಕೊಡಿ. ಎರಡನೆಯದು 27ನೆಯ ಕಂತು. ಶೀರ್ಷಿಕೆಯ ಹದಿಮೂರು ಮಂದಿ ಆಡಳಿತದ ಸಮಾಲೋಚನೆಗೆ ಒಟ್ಟಾಗಿ ಕಾಣಿಸಿಕೊಳ್ಳುವುದೇ ಅಲ್ಲಿ, ಯೊರಿತೊಮೊ ಸತ್ತ ಮೇಲೆ. ಒಂಬತ್ತು ಜನ ಯೋಧರು, ನಾಲ್ವರು ಕ್ಯೋಟೊ ಮೂಲದ ಅಧಿಕಾರಿಗಳು. ಅಷ್ಟು ಜನರನ್ನೂ ಒಂದು ಪುಟದಲ್ಲಿ ಬರೆದು, ಒಬ್ಬೊಬ್ಬರು ಇಲ್ಲವಾದಂತೆ ಗೆರೆ ಎಳೆಯಿರಿ. ಮೊದಲ ಗೆರೆ ಕಜಿವರ ಕಗೆತೊಕಿಯ ಮೇಲೆ, ಒಂದು ವರ್ಷದೊಳಗೇ. ಹದಿಮೂರು ಎಂಬ ಸಂಖ್ಯೆಗೆ ಕೊನೆಯ ಕಂತಿನಲ್ಲಿ ಮತ್ತೊಂದು ಅರ್ಥ ಬರುತ್ತದೆ. ಅದನ್ನು ನಾನು ಇಲ್ಲಿ ಹೇಳುವುದಿಲ್ಲ.

ಏಳನೆಯ ಹಂತ: ನೋಡಿದ ಮೇಲೆ ಇತಿಹಾಸದೊಂದಿಗೆ ಹೊಂದಿಸುವುದು

ಇದು ಕಂತು ಮುಗಿದ ಮೇಲಿನ ಕೆಲಸ, ನಡುವೆ ಮೊಬೈಲ್ ಎತ್ತಿಕೊಳ್ಳಬೇಡಿ. ಈ ಕಾಲಕ್ಕೆ ಮುಖ್ಯ ಆಧಾರ 'ಅಜುಮ ಕಗಮಿ' ಎಂಬ ವೃತ್ತಾಂತ. ಅದನ್ನು ಸಿದ್ಧಪಡಿಸಿದ್ದು ಕಮಕುರದ ಸರ್ಕಾರದ ಕಡೆಯವರೇ, ಹೋಜೋಗಳು ಪ್ರಬಲರಾಗಿದ್ದ ಕಾಲದಲ್ಲಿ. ಆದ್ದರಿಂದ ಹೋಜೋಗಳಿಗೆ ಎದುರಾದವರೆಲ್ಲ ಅದರಲ್ಲಿ ದ್ರೋಹಿಗಳಂತೆ ಕಾಣುವುದು ಸಹಜ. ಅದರಲ್ಲಿ 1196ರಿಂದ 1199ರ ಆರಂಭದವರೆಗಿನ ಭಾಗವೇ ಇಲ್ಲ. ಯೊರಿತೊಮೊ ಸತ್ತ ದಿನಗಳು ಆ ಕತ್ತಲೆಯೊಳಗೇ ಸೇರಿಹೋಗಿವೆ. ಧಾರಾವಾಹಿಕಾರ ತನ್ನ ಕಲ್ಪನೆಗೆ ಜಾಗ ಮಾಡಿಕೊಳ್ಳುವುದು ಇಂಥ ಕಡೆಗಳಲ್ಲಿ.

ಹಿಕಿ ಮನೆತನ ನಾಶವಾದ 1203ರ ಪ್ರಕರಣವನ್ನು ಹೀಗೆ ಹೊಂದಿಸಿ ನೋಡಿ. ಅಜುಮ ಕಗಮಿಯ ಪ್ರಕಾರ ಸಂಚು ಹೂಡಿದ್ದು ಹಿಕಿ ಯೊಶಿಕಜು, ಅದನ್ನು ಕದ್ದು ಕೇಳಿದ್ದು ಮಸಕೊ. ಕ್ಯೋಟೊದ ಬೌದ್ಧ ಗುರು ಜಿಯೆನ್ ಬರೆದ 'ಗುಕನ್‌ಶೋ' ಬೇರೆಯೇ ಹೇಳುತ್ತದೆ: ಯೊರೀಯೆ ಹಾಸಿಗೆ ಹಿಡಿದಿದ್ದಾಗ ಮೊದಲು ಕೈ ಎತ್ತಿದವನು ತೊಕಿಮಸ. ಯೊರೀಯೆ ಸತ್ತನೆಂಬ ಸುದ್ದಿ ಕ್ಯೋಟೊ ತಲುಪಿದಾಗ ಅವನಿನ್ನೂ ಬದುಕಿದ್ದ. ಅವನು ಕೊಲೆಯಾದದ್ದು ಮರುವರ್ಷ, ಶುಜೆನ್‌ಜಿಯಲ್ಲಿ. ಎರಡು ಬರಹಗಳನ್ನೂ ಪಕ್ಕದಲ್ಲಿಟ್ಟುಕೊಂಡು, ಧಾರಾವಾಹಿ ಯಾವುದನ್ನು ನಂಬಿದೆ ಎಂದು ಕೇಳಿಕೊಳ್ಳಿ. ಕೊಲೆಗಾರ ಜೆನ್‌ಜಿಯಂಥ ಪಾತ್ರ ಪೂರಾ ಕಲ್ಪಿತ ಎಂಬುದೂ ನೆನಪಿರಲಿ.

ಮಸಕೊಳಿಗೆ ಒಂದು ಪುಟ ಬೇರೆಯೇ ಇಡಿ. ಅವಳನ್ನು ಅಧಿಕಾರದಾಹದ ಹೆಂಗಸೆಂದು ಚಿತ್ರಿಸುವ ಹಳೆಯ ರೂಢಿಯೊಂದಿದೆ. ಈ ಧಾರಾವಾಹಿ ಆ ರೂಢಿಯನ್ನು ಬಿಟ್ಟು, ಗಂಡನನ್ನೂ ನಾಲ್ವರು ಮಕ್ಕಳನ್ನೂ ಕಳೆದುಕೊಂಡ ಹೆಣ್ಣಾಗಿ ಅವಳನ್ನು ನೋಡಿದೆ. 1221ರಲ್ಲಿ ಸನ್ಯಾಸಿನಿಯಾದ ಅವಳು ಗೊಕೆನಿನ್‌ಗಳ ಮುಂದೆ ಯೊರಿತೊಮೊನ ಉಪಕಾರ ಬೆಟ್ಟಕ್ಕಿಂತ ಎತ್ತರ, ಕಡಲಿಗಿಂತ ಆಳ ಎಂದು ನೆನಪಿಸಿ ಯುದ್ಧಕ್ಕೆ ಹುರಿದುಂಬಿಸಿದಳೆಂದು ವೃತ್ತಾಂತ ಹೇಳುತ್ತದೆ. 47ನೆಯ ಕಂತಿನಲ್ಲಿ ಆ ಭಾಷಣ ಬರುತ್ತದೆ. ವೃತ್ತಾಂತದ ಮಾತನ್ನು ಮೊದಲೇ ಓದಿಕೊಂಡಿದ್ದರೆ, ಅವಳು ಅದನ್ನು ಎಲ್ಲಿ ಬಿಟ್ಟು ತನ್ನ ಮಾತು ಆಡುತ್ತಾಳೆ ಎಂಬುದು ಕಿವಿಗೆ ತಟ್ಟುತ್ತದೆ.

ಕೊನೆಯದಾಗಿ, 45ನೆಯ ಕಂತಿಗೆ ಮೊದಲು ಮಾಡಬೇಕಾದ್ದು

1219ರ ಮೊದಲ ತಿಂಗಳು, ಹಿಮ ಬಿದ್ದ ರಾತ್ರಿ. ಹಚಿಮನ್ ಗುಡಿಯಲ್ಲಿ ಪೂಜೆ ಮುಗಿಸಿ ಹೊರಟ ಮೂರನೆಯ ಶೋಗುನ್ ಸನೆತೊಮೊನನ್ನು ಅವನ ಅಣ್ಣನ ಮಗ ಕುಗ್ಯೋ ಕಡಿದು ಕೊಲ್ಲುತ್ತಾನೆ. ಈ ಕಂತನ್ನು ಹಾಕುವ ಮೊದಲು ನೋಟ್‌ಪುಸ್ತಕ ತೆರೆದು ಮಿಉರ ಮನೆಯ ಪುಟ ನೋಡಿ. ಹಾಲೂಡಿಸಿದವರ ಸಾಲಿನಲ್ಲಿ ಮಿಉರ ಯೊಶಿಮುರನ ಹೆಂಡತಿಯ ಮುಂದೆ ಕುಗ್ಯೋನ ಹೆಸರಿರಬೇಕು. ಇಲ್ಲದಿದ್ದರೆ ಈಗ ಬರೆಯಿರಿ. ಚಿಕ್ಕಪ್ಪನ ತಲೆಯನ್ನು ಕೈಯಲ್ಲಿ ಹಿಡಿದ ಆ ಹುಡುಗ ರಾತ್ರಿಯ ಹಿಮದಲ್ಲಿ ಯಾರ ಮನೆಯ ಕಡೆಗೆ ಹೊರಡುತ್ತಾನೆ, ಆ ಮನೆಯ ಯಜಮಾನ ಏನು ಮಾಡುತ್ತಾನೆ ಎಂಬುದು ನಿಮಗೆ ಅರ್ಥವಾಗುವುದು ಆ ಒಂದು ಸಾಲಿನಿಂದ.